ಕೆಂಪು ನೋಟ್ ಬುಕ್ಕು

ಅಮೆರಿಕಕ್ಕೆ ಬಂದು ಮೂವತ್ತು ವರ್ಷ ದಾಟಿದರೂ ಭಾನುವಾರ ಬೆಳಿಗ್ಗೆ ತಿಪಟೂರಿನ ಅಕ್ಕನಿಗೆ ಫೋನು ಮಾಡುವುದನ್ನು ನಾನು ತಪ್ಪಿಸಿದವಳಲ್ಲ. ನನಗೆ ಬೆಳಗಿನ ಕಾಫಿಯಾದರೆ ಅವಳಿಗೆ ದೀಪ ಹಚ್ಚುವ ಹೊತ್ತು. ಕುಕ್ಕರಿನ ಸೀಟಿ ಎಣಿಸುತ್ತಲೇ ನನ್ನ ಕಷ್ಟಸುಖ ವಿಚಾರಿಸುತ್ತಾಳೆ. ಓಹಾಯೋ ರಾಜ್ಯದ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಡಂ. ಹಳ್ಳಿ ಶಾಲೆಯಲ್ಲಿ ಮಣೆ ಮೇಲೆ ಕೂತು ಕಲಿತವಳು ಬಿಳಿಯರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ ಅನ್ನುವುದು ಅಕ್ಕನಿಗೆ ಇವತ್ತಿಗೂ ತಮಾಷೆಯೇ. "ಅಲ್ಲಿ ಬೇರೆ ಯಾರೂ ಸಿಗಲಿಲ್ವೇನೆ ಅವರಿಗೆ?" ಎಂದು ನಗುತ್ತಾಳೆ. ನನ್ನ ಗಂಡನ ಮನೆತನದ ಹೆಸರು ಅಲ್ಲಿನ ಮಕ್ಕಳ ನಾಲಿಗೆಗೆ ಹೊರಳದೆ, ನಾನು ಅವರಿಗೆಲ್ಲ ಬರಿಯ 'ಮಿಸೆಸ್ ಎಚ್'.

2018ರ ಶರತ್ಕಾಲದಲ್ಲಿ ಒಂದು ಭಾನುವಾರ ಅವಳು ಕೇಳಿದಳು, "ಈ ಸಲ ಏನು ಪಾಠ ನಿನ್ನ ಮಕ್ಕಳಿಗೆ?"

"ಒಂದು ಕಾದಂಬರಿ ಕಣಕ್ಕ. ಒಬ್ಬ ಹುಡುಗ ಶಾಲೆಗೆ ಬಂದೂಕು ತಂದು ಊಟದ ಹಾಲಿನಲ್ಲಿ ಸಹಪಾಠಿಗಳನ್ನು ಸುಡ್ತಾನೆ. ಅವನ ಗೆಳತಿ ಆಮೇಲೆ ಹೇಗೆ ಬದುಕಿದಳು ಅನ್ನೋದು ಕಥೆ."

ಆ ಕಡೆ ಕುಕ್ಕರ್ ಎರಡು ಸೀಟಿ ಹಾಕಿತು. ಅಕ್ಕ ಎಣಿಸಲಿಲ್ಲ ಅನ್ನಿಸುತ್ತದೆ. "ಥೂ, ಹದಿನಾಲ್ಕು ವರ್ಷದ ಮಕ್ಕಳ ಮುಂದೆ ಅದನ್ನೆಲ್ಲ ಯಾಕೆ ಓದ್ತೀಯೇ? ನಮಗೆ ಗೋವಿನ ಹಾಡು ಹೇಳಿಕೊಡಲಿಲ್ವಾ? ಅಂಥದ್ದು ಹೇಳಿಕೊಡು."

ಗೋವಿನ ಹಾಡಿನ ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ ಎಂಬುದನ್ನು ಅಕ್ಕ ಮರೆತಿದ್ದಳು. ನಾನು ಮರೆತಿಲ್ಲ. ಮೂರನೆಯ ತರಗತಿಯಲ್ಲಿ ನಾವೆಲ್ಲ ಹಸುವಿಗಾಗಿ ಅತ್ತು ಮುಗಿಸುವ ಹೊತ್ತಿಗೆ ಹುಲಿಗಾಗಿಯೂ ಅಳಬೇಕಾಗಿ ಬಂದು ಕಂಗಾಲಾಗಿದ್ದೆವು. ಹುಲಿ ಯಾಕೆ ಸತ್ತಿತು ಮೇಷ್ಟ್ರೇ ಎಂದು ಯಾರೋ ಕೇಳಿದಾಗ, "ಪ್ರಶ್ನೋತ್ತರ ಬರ್ಕೊಳ್ರೋ" ಎಂದು ಅವರು ಬೋರ್ಡಿನ ಕಡೆ ತಿರುಗಿದ್ದರು. ಪ್ರಶ್ನೋತ್ತರದಲ್ಲಿ ಆ ಪ್ರಶ್ನೆ ಇರಲಿಲ್ಲ.

ಆದರೆ ಅಕ್ಕನಿಗೆ ಅದನ್ನೆಲ್ಲ ಹೇಳುತ್ತ ಕೂರಲಿಲ್ಲ. ಇಲ್ಲಿಯ ಮಕ್ಕಳಿಗೆ ಬಂದೂಕಿನ ಸುದ್ದಿ ಕಾದಂಬರಿಯಿಂದ ಬಂದದ್ದಲ್ಲ ಎಂದಷ್ಟೇ ಹೇಳಿದೆ.

1999ರ ಏಪ್ರಿಲ್ 20ರಂದು ಕೊಲರಾಡೋದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ಹುಡುಗರು ಹನ್ನೆರಡು ವಿದ್ಯಾರ್ಥಿಗಳನ್ನೂ ಒಬ್ಬ ಉಪಾಧ್ಯಾಯರನ್ನೂ ಕೊಂದಾಗ ನನ್ನ ಮಗ ಒಂದನೆಯ ತರಗತಿಯಲ್ಲಿದ್ದ. ಮರುದಿನ ಅವನನ್ನು ಶಾಲೆಯ ಬಾಗಿಲಲ್ಲಿ ಬಿಟ್ಟು ಕಾರಿನಲ್ಲಿ ಕೂತವಳಿಗೆ ಕೀಲಿ ತಿರುಗಿಸಲು ಕೈ ಬಂದಿರಲಿಲ್ಲ. 2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್ಟಿನ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಮಕ್ಕಳು, ಆರು ಜನ ದೊಡ್ಡವರು ಸತ್ತರು. ಆ ಮಕ್ಕಳೆಲ್ಲ ಆರೇಳು ವರ್ಷದವರು. 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲೆಂಡಿನಲ್ಲಿ ಹದಿನೇಳು ಜನ. ಎಣಿಸುತ್ತ ಹೋದರೆ ಮುಗಿಯುವುದಿಲ್ಲ, ನಿಲ್ಲಿಸುತ್ತೇನೆ.

ಇದರಿಂದ ಇಲ್ಲಿಯ ಶಾಲೆಗಳಲ್ಲಿ ಒಂದು ಕವಾಯತು ಬಂದಿದೆ. ಅದರ ಹೆಸರು ಲಾಕ್‌ಡೌನ್ ಡ್ರಿಲ್. 2020ರಲ್ಲಿ ಕೊರೋನಾ ಬಂದಾಗ ನಮ್ಮೂರವರೆಲ್ಲ ಕಲಿತ ಪದವನ್ನು ಇಲ್ಲಿಯ ಮಕ್ಕಳು ಎಂದೋ ಕಲಿತಿದ್ದರು. ಧ್ವನಿವರ್ಧಕದಲ್ಲಿ ಸೂಚನೆ ಬಂದೊಡನೆ ಬಾಗಿಲಿಗೆ ಬೀಗ ಹಾಕಬೇಕು, ದೀಪ ಆರಿಸಬೇಕು, ಕಿಟಕಿಗೆ ಕಾಣದ ಮೂಲೆಯಲ್ಲಿ ಮಕ್ಕಳನ್ನು ನೆಲದ ಮೇಲೆ ಕೂರಿಸಬೇಕು, ಉಸಿರೆತ್ತಬಾರದು. ಆ ವರ್ಷದ ಮೊದಲ ಡ್ರಿಲ್ ಬಂದದ್ದು ಈ ಕಾದಂಬರಿ ಓದುತ್ತಿದ್ದ ಪೀರಿಯಡ್ಡಿನಲ್ಲೇ. ಇಪ್ಪತ್ತಾರು ಮಕ್ಕಳ ಜೊತೆ ಕತ್ತಲಲ್ಲಿ ಮಂಡಿ ಮಡಚಿ ಕೂತಿದ್ದೆ. ಪಕ್ಕದ ಹುಡುಗಿ ನನ್ನ ಕೈ ಮುಟ್ಟಿ ಪಿಸುಗುಟ್ಟಿದಳು, "ಮಿಸೆಸ್ ಎಚ್, ನಿಮ್ಮ ಬಳೆ."

ಹಿಂದಿನ ಬೇಸಿಗೆಯಲ್ಲಿ ಅಕ್ಕ ಅರಿಸಿನ ಕುಂಕುಮ ಕೊಟ್ಟು ತೊಡಿಸಿದ ಹಸಿರು ಗಾಜಿನ ಬಳೆಗಳು. ನಾನು ಕೂದಲು ಸರಿಮಾಡಿಕೊಂಡಾಗ ಕಿಣಿಕಿಣಿ ಅಂದಿರಬೇಕು. ಹೊರಗೆ ಬಂದೂಕಿನವನು ಇದ್ದರೆ ಅದು ಸಾಕು ಎಂದು ಆ ಹುಡುಗಿಗೆ ಗೊತ್ತಿತ್ತು. ಬಳೆಗಳನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದು ಕೂತೆ. ಅವಳು ಅದನ್ನು ಹೇಳಿದ್ದು ಭಯದಿಂದಲ್ಲ, ಬೆನ್ನಿನ ಮೇಲೆ ಸೆರಗು ಸರಿದಿದೆ ಎಂದು ಹೆಂಗಸರು ಒಬ್ಬರಿಗೊಬ್ಬರು ಹೇಳುವ ಹಾಗೆ. ಅದರ ಮಾರನೆಯ ದಿನದಿಂದ ನಾನು ಶಾಲೆಗೆ ಗಾಜಿನ ಬಳೆ ತೊಟ್ಟು ಹೋಗಿಲ್ಲ. ಅಕ್ಕನಿಗೆ ಹೇಳಿಲ್ಲ.

ಇಂಥ ಮಕ್ಕಳಿಗೆ ಬರೆದ ಪುಸ್ತಕಗಳು ಕೊಲಂಬೈನಿನ ನಂತರ ಒಂದರ ಹಿಂದೆ ಒಂದು ಬಂದವು. 2000ದಲ್ಲಿ ಟಾಡ್ ಸ್ಟ್ರಾಸರ್ ಬರೆದ 'ಗಿವ್ ಎ ಬಾಯ್ ಎ ಗನ್' ಬಂತು. ಅದರಲ್ಲಿ ಕಥೆ ಹೇಳುವವರು ಒಬ್ಬರಲ್ಲ, ತಾಯಿ, ನೆರೆಯವರು, ಸಹಪಾಠಿಗಳು, ಮೇಷ್ಟ್ರು ಎಲ್ಲರೂ ತಲಾ ನಾಲ್ಕು ಮಾತು ಹೇಳುತ್ತಾರೆ. ಪುಟದ ಕೆಳಗೆ ಬಂದೂಕಿನ ನಿಜವಾದ ಸುದ್ದಿಗಳು ಅಡಿಟಿಪ್ಪಣಿಯಾಗಿ ಸಾಗುತ್ತವೆ. ವಾಲ್ಟರ್ ಡೀನ್ ಮೈಯರ್ಸ್ ಅವರ 'ಶೂಟರ್' 2004ರದು. ಅದು ವಿಚಾರಣೆಯ ಮಾತುಕತೆ, ವರದಿ, ಡೈರಿಗಳ ಕಟ್ಟು. ಪೊಲೀಸು ಕಡತ ಬಿಚ್ಚಿದಂತೆ ಓದಬೇಕು. ಬರೆದದ್ದಕ್ಕೆ ಪಶ್ಚಾತ್ತಾಪಪಟ್ಟವರೂ ಉಂಟು. ಸ್ಟೀಫನ್ ಕಿಂಗ್ 1977ರಲ್ಲಿ ರಿಚರ್ಡ್ ಬಾಕ್ಮನ್ ಎಂಬ ಹೆಸರಿನಲ್ಲಿ 'ರೇಜ್' ಎಂಬ ಕಾದಂಬರಿ ಪ್ರಕಟಿಸಿದ್ದರು. 1997ರಲ್ಲಿ ಕೆಂಟಕಿಯಲ್ಲಿ ಗುಂಡು ಹಾರಿಸಿದ ಹುಡುಗನ ಬಳಿ ಅದು ಇತ್ತೆಂದು ತಿಳಿದ ಮೇಲೆ, ಇನ್ನು ಅಚ್ಚು ಹಾಕಬೇಡಿ ಎಂದು ತಮ್ಮ ಪುಸ್ತಕವನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು. ಇನ್ನು ಜೋಡಿ ಪೀಕೋ ಅವರ 'ನೈಂಟೀನ್ ಮಿನಿಟ್ಸ್' ಅನ್ನು ಬೇರೆಯವರೇ ಕಪಾಟಿನಿಂದ ತೆಗೆಸುತ್ತಿದ್ದಾರೆ. 2023-24ರ ಶಾಲಾವರ್ಷದಲ್ಲಿ ಅಮೆರಿಕದ ಶಾಲೆಗಳಲ್ಲಿ ಅತಿ ಹೆಚ್ಚು ನಿಷೇಧಕ್ಕೊಳಗಾದ ಪುಸ್ತಕ ಅದೇ ಎಂದು ಪೆನ್ ಅಮೆರಿಕ ಸಂಸ್ಥೆ ಲೆಕ್ಕ ಕೊಟ್ಟಿದೆ. ತಮಾಷೆಯೆಂದರೆ ಅನೇಕರ ಆಕ್ಷೇಪ ಅದರಲ್ಲಿನ ಗುಂಡಿಗಲ್ಲ, ಮೈಯ ವಿಷಯ ಬರುವ ಒಂದು ಪುಟಕ್ಕೆ.

ನಾನು ಓದಿಸುತ್ತಿದ್ದುದು ಜೆನಿಫರ್ ಬ್ರೌನ್ 2009ರಲ್ಲಿ ಬರೆದ 'ಹೇಟ್ ಲಿಸ್ಟ್'. ತಂದೆತಾಯಿಯರಿಗೆ ಮೊದಲೇ ಚೀಟಿ ಕಳಿಸಿ ಒಪ್ಪಿಗೆಯ ಸಹಿ ಪಡೆದಿದ್ದೆ. ವ್ಯಾಲೆರಿ ಎಂಬ ಹುಡುಗಿ, ನಿಕ್ ಎಂಬ ಹುಡುಗ. ಇಬ್ಬರೂ ಶಾಲೆಯಲ್ಲಿ ಎಲ್ಲರ ಕೈಯಲ್ಲಿ ಹಾಸ್ಯಕ್ಕೀಡಾದವರು. ಒಂದು ಕೆಂಪು ನೋಟ್ ಬುಕ್ಕಿನಲ್ಲಿ ತಮಗಾಗದವರ ಪಟ್ಟಿ ಬರೆದು ಸಮಾಧಾನಪಟ್ಟುಕೊಳ್ಳುವವರು. ಹುಡುಗಿಗೆ ಅದೊಂದು ಆಟ, ಸಿಟ್ಟಿಗೊಂದು ಡಬ್ಬಿ. ಹುಡುಗನಿಗೆ ಹಾಗಲ್ಲ ಎಂಬುದು ಅವಳಿಗೆ ತಿಳಿಯುವುದು ಅವನು ಬಂದೂಕು ತಂದ ದಿನ. ಅವಳು ಅಡ್ಡ ಹೋಗಿ ಕಾಲಿಗೆ ಗುಂಡು ತಿನ್ನುತ್ತಾಳೆ. ತನ್ನನ್ನು ಕಾಡಿದ ಹುಡುಗಿಯೊಬ್ಬಳ ಜೀವ ಅದರಿಂದ ಉಳಿಯುತ್ತದೆ. ಅವನು ತನ್ನನ್ನೂ ಕೊಂದುಕೊಳ್ಳುತ್ತಾನೆ. ಬೇಸಿಗೆ ಕಳೆದು ಅವಳು ಅದೇ ಶಾಲೆಗೆ, ಅದೇ ಕಾರಿಡಾರಿಗೆ ಮರಳಿ ಬರುತ್ತಾಳೆ. ಪಟ್ಟಿ ಬರೆದವಳು ಅವಳು, ಜೀವ ಉಳಿಸಿದವಳೂ ಅವಳು. ಊರಿನವರಿಗೆ ಅವಳನ್ನು ಏನೆಂದು ಕರೆಯಬೇಕೋ ತಿಳಿಯುವುದಿಲ್ಲ.

"ವ್ಯಾಲೆರಿ ತಪ್ಪಿತಸ್ಥಳೇ?" ಎಂದು ಕೇಳಿದೆ. ಇದಕ್ಕಿಂತ ಒಳ್ಳೆಯ ಪ್ರಶ್ನೆ ನನ್ನ ಬಳಿ ಇರಲಿಲ್ಲ.

"ಬರೆಯೋದು ಅಪರಾಧ ಅಲ್ಲ," ಎಂದಳು ಬಾಸ್ಕೆಟ್‌ಬಾಲ್ ಆಡುವ ಹುಡುಗಿ.

"ಅದರಲ್ಲಿ ನಿನ್ನ ಹೆಸರಿದ್ದಿದ್ದರೆ?" ಎಂದ ಅವಳ ಹಿಂದಿನವನು.

"ಪಟ್ಟಿಯಲ್ಲಿ ಇದ್ದವರೇನು ಒಳ್ಳೆಯವರಲ್ಲವಲ್ಲ," ಎಂದ ಇನ್ನೊಬ್ಬ. ತರಗತಿ ತಣ್ಣಗಾಯಿತು. ತಾನು ಏನು ಹೇಳಿದೆ ಎಂಬುದು ಅವನಿಗೂ ತಡವಾಗಿ ಹೊಳೆದಿರಬೇಕು, "ಅಂದರೆ, ಸಾಯಬೇಕಾಗಿತ್ತು ಅಂತಲ್ಲ" ಎಂದು ಸೇರಿಸಿ ಮೇಜಿನ ಮೇಲೆ ಉಗುರಿನಿಂದ ಗೀಚತೊಡಗಿದ.

ಒಂದು ಚೀಟಿ ಕೊಟ್ಟು, ಈ ಕಥೆಯಲ್ಲಿ ನೀವು ಯಾರು ಎಂದು ಬರೆಯಲು ಹೇಳಿದೆ. ಮನೆಗೆ ಬಂದು ಬೇಳೆ ಬೇಯಲು ಇಟ್ಟು ಚೀಟಿಗಳನ್ನು ಬಿಡಿಸಿದೆ. ಬಹುಮಂದಿ ವ್ಯಾಲೆರಿ. ಉಳಿದವರು, ದೂರದಲ್ಲಿ ನಿಂತು ನೋಡಿದವರು. ಇಬ್ಬರು ಅವಳ ತಮ್ಮ. ನಾನು ಪಟ್ಟಿಯಲ್ಲಿದ್ದವನು, ನಾನು ಇನ್ನೊಬ್ಬರನ್ನು ಅಳಿಸಿದವಳು ಎಂದು ಒಬ್ಬರೂ ಬರೆದಿರಲಿಲ್ಲ. ಇಪ್ಪತ್ತಾರು ಮಕ್ಕಳಲ್ಲಿ ಯಾರೂ ಯಾರನ್ನೂ ಕಾಡದೇ ಇದ್ದರೆ ಅದು ಶಾಲೆಯಲ್ಲ, ಬೃಂದಾವನ. ಒಗ್ಗರಣೆ ಹಾಕುತ್ತ ನಗು ಬಂತು.

ನನ್ನ ನಗು ಎರಡು ದಿನವೂ ಉಳಿಯಲಿಲ್ಲ. "ಮಿಸೆಸ್ ಎಚ್, ನಿಮ್ಮ ಇಂಡಿಯಾದಲ್ಲಿ ಶಾಲೆಗೆ ಬಂದೂಕು ತರ್ತಾರಾ?" ಎಂದು ಒಬ್ಬಳು ಕೇಳಿದಳು. "ಇಲ್ಲಪ್ಪ" ಎಂದೆ. ಅದನ್ನು ಹೇಳುವಾಗ ನನ್ನ ಬೆನ್ನು ನೆಟ್ಟಗಾಗಿತ್ತು, ನಾಚಿಕೆಯಾಗುತ್ತದೆ ಈಗ. "ಹಾಗಾದರೆ ನಿಮ್ಮ ಶಾಲೆಯಲ್ಲಿ ಯಾರಿಗೂ ಏನೂ ಆಗ್ತಿರಲಿಲ್ವಾ?" ಎಂದು ಅವಳು ಅಮಾಯಕವಾಗಿ ಕೇಳಿದಳು. ಗಂಟೆ ಹೊಡೆಯಿತು, ನಾನು ಬಚಾವಾದೆ.

ನನ್ನ ವಯಸ್ಸಿನ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಮೇಷ್ಟ್ರು ಮಗ್ಗಿ ಕೇಳುತ್ತಾರೆ. "ಹದಿನೇಳೆಂಟ್ಲ?" ಒಬ್ಬರಿಗೆ ಬರುವುದಿಲ್ಲ, ಪಕ್ಕದವರಿಗೆ, ಅದರ ಪಕ್ಕದವರಿಗೆ. ನನ್ನ ಸರದಿ ಬರುತ್ತದೆ, "ನೂರಾ ಮೂವತ್ತಾರು ಸಾ" ಎನ್ನುತ್ತೇನೆ. ಸರಿ, ಉತ್ತರ ಹೇಳದವರಿಗೆಲ್ಲ ಮೂಗು ಹಿಡಿದು ಹೊಡಿ. ಎಡಗೈಯಿಂದ ಮೂಗು ಹಿಡಿಯುವುದು ಮುಖ ತಿರುಗದಿರಲಿ ಎಂದು. ಬಲಗೈಯಿಂದ ಕೆನ್ನೆಗೆ. ಮೆಲ್ಲಗೆ ಹೊಡೆದರೆ, ಹೇಗೆ ಹೊಡೆಯಬೇಕು ಎಂದು ಮೇಷ್ಟ್ರು ನಮ್ಮ ಕೆನ್ನೆಯ ಮೇಲೇ ತೋರಿಸಿಕೊಡುತ್ತಿದ್ದರು. ಹಾಗಾಗಿ ನಾವು ಜೋರಾಗಿಯೇ ಹೊಡೆಯುತ್ತಿದ್ದೆವು.

ಕೊನೆಯ ಸಾಲಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಬೆಳಿಗ್ಗೆ ಕೊಟ್ಟಿಗೆ ಬಳಿದು, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುವವಳು. ಅವಳಿಗೆ ಒಂದು ಮಗ್ಗಿಯೂ ಬರುತ್ತಿರಲಿಲ್ಲ. ಯಾವಾಗಲೂ ಶೀತ. ಅವಳ ಮೂಗು ಹಿಡಿದ ಮೇಲೆ ನಾನು ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಮುಖ ಸಿಂಡರಿಸುತ್ತಿದ್ದೆ, ತರಗತಿಯೆಲ್ಲ ನಗುತ್ತಿತ್ತು. ಆ ನಗುವಿಗಾಗಿ ನಾನು ಬೇಕೆಂದೇ ಹೆಚ್ಚು ಹೊತ್ತು ಒರೆಸಿಕೊಳ್ಳುತ್ತಿದ್ದೆ ಎಂಬುದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಹೇಳಿಲ್ಲ. ಆರನೆಯ ತರಗತಿಯ ನಡುವೆ ಅವಳು ಬರುವುದನ್ನು ನಿಲ್ಲಿಸಿದಳು. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಅಷ್ಟು ಹೊತ್ತಿಗೆ ಅವಳಿಗೂ ನನಗೂ ನಲವತ್ತು ದಾಟಿತ್ತು.

ಮರುದಿನ ತರಗತಿಯಲ್ಲಿ ಇದನ್ನು ಹೇಳಿದೆ. ಮೂಗು ಹಿಡಿಯುವುದನ್ನು ನನ್ನ ಮೂಗಿನ ಮೇಲೆಯೇ ತೋರಿಸಿದೆ. ಯಾರೂ ನಗಲಿಲ್ಲ. ನಗುತ್ತಾರೆಂದುಕೊಂಡಿದ್ದೆ.

ಹಿಂದಿನ ಸಾಲಿನಲ್ಲಿ, ಸದಾ ಟೋಪಿಯ ಅಂಗಿ ತೊಟ್ಟುಕೊಂಡು ಕೂರುವ ಒಬ್ಬ ಹುಡುಗನಿದ್ದ. ಆಗಸ್ಟಿನಲ್ಲಷ್ಟೇ ಬೇರೆ ಊರಿನಿಂದ ಬಂದವನು. ಅವನ ಹೆಸರು ಇಲ್ಲಿ ಬೇಡ. ಅದುವರೆಗೆ ಅವನಾಗಿಯೇ ಒಂದು ಮಾತು ಆಡಿದವನಲ್ಲ. ಕೈಯೆತ್ತದೆಯೇ ಕೇಳಿದ, "ಆ ಹುಡುಗಿ ಪಟ್ಟಿ ಬರೆದಿದ್ದಳಾ?"

"ಅವಳಿಗೆ ಬರೆಯಲು ಬರುತ್ತಿರಲಿಲ್ಲ" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು.

ಆ ವಾರದ ಮನೆಗೆಲಸ ಹೀಗಿತ್ತು. ಕೆಂಪು ನೋಟ್ ಬುಕ್ಕು ನಿಮ್ಮದಾಗಿದ್ದರೆ ಅದರಲ್ಲಿ ಏನಿರುತ್ತಿತ್ತು? ಒಂದು ಪುಟ ಬರೆಯಿರಿ. ಪ್ರಾಮಾಣಿಕವಾಗಿ ಬರೆಯಿರಿ ಎಂದು ನಾನು ಬೋರ್ಡಿನ ಮೇಲೆ ಅಡಿಗೆರೆ ಎಳೆದು ಬರೆದಿದ್ದೆ. ಈಗ ನೆನೆದರೆ ಆ ಅಡಿಗೆರೆಯೇ ಚುಚ್ಚುತ್ತದೆ.

ಗುರುವಾರ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ತಿದ್ದುತ್ತ ಕೂತಿದ್ದೆ. ಹೆಚ್ಚಿನವರು ಗಣಿತ, ಸೋಮವಾರ, ಎಲೆಕೋಸು ಎಂದು ಬರೆದು ಪಾರಾಗಿದ್ದರು. ಅವನ ಪುಟದಲ್ಲಿ ಏಳು ಹೆಸರುಗಳಿದ್ದವು, ಅಂಕಿ ಹಾಕಿ, ಅಚ್ಚುಕಟ್ಟಾಗಿ. ಪ್ರತಿ ಹೆಸರಿನ ಮುಂದೆ ಕಾರಣ. ನಾನು ಬಂದು ಕೂತ ಮೇಲೆ ತಟ್ಟೆ ಎತ್ತಿಕೊಂಡು ಹೋದವನು. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಚೀಲ ಇಟ್ಟವಳು. ನನ್ನ ವಾಸನೆಯ ಮೇಲೆ ಹಾಡು ಕಟ್ಟಿದವನು. ಹೀಗೆ ಆರು. ಏಳನೆಯದು ಮಿಸೆಸ್ ಎಚ್. ಅದರ ಮುಂದೆ ಬರೆದಿದ್ದ, ಅವರು ಎಲ್ಲ ನೋಡುತ್ತಾರೆ, ಆಮೇಲೆ ಪುಸ್ತಕ ತೆಗೆಯಿರಿ ಎನ್ನುತ್ತಾರೆ.

ಪುಟದ ಕೊನೆಯಲ್ಲಿ ಒಂದು ಸಾಲು. ನಿಕ್‌ನಂಥ ಸ್ನೇಹಿತ ನನಗಿಲ್ಲ, ಅದು ಒಳ್ಳೆಯದೇ ಇರಬೇಕು.

ಈ ಸಾಲನ್ನು ಎಷ್ಟು ಸಲ ಓದಿದೆನೋ. ಒಮ್ಮೆ ಓದಿದರೆ ಕಾದಂಬರಿಯನ್ನು ತರಗತಿಯಲ್ಲೆಲ್ಲ ಅವನೊಬ್ಬನೇ ಸರಿಯಾಗಿ ಓದಿದ್ದಾನೆ ಅನ್ನಿಸುತ್ತಿತ್ತು. ಇನ್ನೊಮ್ಮೆ ಓದಿದರೆ ಹೊಟ್ಟೆಯೊಳಗೆ ಐಸು ಸುರಿದಂತಾಗುತ್ತಿತ್ತು. ಯಜಮಾನರನ್ನು ಎಬ್ಬಿಸಿ ತೋರಿಸಿದೆ. ಅವರು ಕನ್ನಡಕ ಹುಡುಕಿ ಓದಿ, "ಪಾಪ, ಹುಡುಗ ಸತ್ಯ ಬರೆದಿದಾನೆ" ಎಂದರು. ಐದು ನಿಮಿಷ ಬಿಟ್ಟು, "ನಾಳೆ ಆಫೀಸಿಗೆ ಕೊಟ್ಟುಬಿಡು" ಎಂದರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು.

ಬರೆದದ್ದನ್ನು ಓದುವ ಉಪಾಧ್ಯಾಯರಿಗೆಲ್ಲ ಇಲ್ಲಿ ಎರಡು ಸಂಗತಿಗಳು ಗೊತ್ತು. 2007ರ ಏಪ್ರಿಲಿನಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಮೂವತ್ತೆರಡು ಜನರನ್ನು ಕೊಂದ ವಿದ್ಯಾರ್ಥಿಯ ಬರವಣಿಗೆ ಓದಿ ಅವನ ಇಂಗ್ಲಿಷ್ ಅಧ್ಯಾಪಕರು ಮೊದಲೇ ಹೆದರಿದ್ದರು. ಆ ವಿಭಾಗದ ಮುಖ್ಯಸ್ಥೆಯಾಗಿದ್ದ ಲುಸಿಂಡಾ ರಾಯ್ ಅವನನ್ನು ತರಗತಿಯಿಂದ ಹೊರತಂದು ತಾವೇ ಪ್ರತ್ಯೇಕವಾಗಿ ಪಾಠ ಮಾಡಿದರು, ಮೇಲಿನವರಿಗೂ ತಿಳಿಸಿದರು. ಸಾಲಲಿಲ್ಲ. ಇನ್ನೊಂದು ಕ್ಯಾಲಿಫೋರ್ನಿಯಾದ್ದು. ಹದಿನೈದು ವರ್ಷದ ಹುಡುಗನೊಬ್ಬ ಶಾಲೆಯಲ್ಲಿ ಕೊಲ್ಲುವ ಮಾತಿದ್ದ ಪದ್ಯವನ್ನು ಸಹಪಾಠಿಗಳಿಗೆ ತೋರಿಸಿದ್ದಕ್ಕೆ ಬಾಲಾಪರಾಧಿಗಳ ಗೃಹ ಸೇರಿದ. ಅದು ಅಪರಾಧವೆನ್ನಿಸುವ ಬೆದರಿಕೆಯಲ್ಲ ಎಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2004ರಲ್ಲಿ. ಅಷ್ಟರಲ್ಲಿ ಹುಡುಗನ ಆ ದಿನಗಳು ಕಳೆದುಹೋಗಿದ್ದವು.

ಬೆಳಗಿನ ಜಾವಕ್ಕೆ ನನ್ನೊಳಗೆ ಇನ್ನೊಂದು ಅನುಮಾನ ಎದ್ದಿತು. ಏಳನೆಯ ಹೆಸರು ನನ್ನದಲ್ಲದಿದ್ದರೆ ಈ ಪುಟವನ್ನು ಆಫೀಸಿಗೆ ಒಯ್ಯುತ್ತಿದ್ದೆನೇ? ಮೊದಲು ಅವನನ್ನು ಕರೆದು ಮಾತಾಡಿಸುತ್ತಿರಲಿಲ್ಲವೇ? ನಿಯಮವೇನೋ ಸ್ಪಷ್ಟವಾಗಿತ್ತು. ಸಹಪಾಠಿಗಳ ಹೆಸರಿರುವ ಇಂಥ ಬರಹ ಕಂಡರೆ ತಡಮಾಡದೆ ತಿಳಿಸಬೇಕು. ಆದರೆ ಆ ಬೆಳಿಗ್ಗೆ ನನ್ನನ್ನು ನಡೆಸಿದ್ದು ನಿಯಮವೋ, ಭಯವೋ, ಅವಮಾನವೋ ಎಂದರೆ ಬಿಡಿಸಿ ಹೇಳಲಾರೆ.

ಕೊಟ್ಟೆ. ಪ್ರಿನ್ಸಿಪಾಲರು ಓದಿ, "ಇದನ್ನು ಬರೆಯಲು ನೀವೇ ಹೇಳಿದಿರಾ?" ಎಂದರು. ಹೌದು ಎಂದೆ. ಅವರು ಮತ್ತೇನೂ ಅನ್ನಲಿಲ್ಲ.

ಎರಡನೆಯ ಪೀರಿಯಡ್ಡಿನಲ್ಲಿ ಅವನನ್ನು ಕರೆಸಿದರು. ಕೌನ್ಸೆಲರ್, ಪ್ರಿನ್ಸಿಪಾಲರು, ಶಾಲೆಗೆಂದೇ ನೇಮಿಸಿದ ಪೊಲೀಸು ಅಧಿಕಾರಿ. ಲಾಕರು ತೆಗೆಸಿ ನೋಡಿದರು. ತಾಯಿಯನ್ನು ಕೆಲಸದಿಂದ ಕರೆಸಿ, ಮನೆಯಲ್ಲಿ ಬಂದೂಕು ಇದೆಯೇ ಎಂದು ಕೇಳಿದರು. ಇತ್ತು, ತಂದೆ ಜಿಂಕೆ ಬೇಟೆಗೆ ಹೋಗುವವರು, ಇಲ್ಲಿ ಅದು ಅಪರೂಪವಲ್ಲ. ಅದನ್ನು ಸಂಬಂಧಿಕರ ಮನೆಗೆ ಸಾಗಿಸಿದರು. ಆರನೆಯ ದಿನ ಅಪಾಯವಿಲ್ಲ ಎಂದು ತೀರ್ಮಾನವಾಯಿತು. ಹುಡುಗ ಶಾಲೆಗೆ ಬಂದ, ನನ್ನ ತರಗತಿಗಲ್ಲ. ಅವನನ್ನು ಇನ್ನೊಬ್ಬರ ಸೆಕ್ಷನ್ನಿಗೆ ಹಾಕಿದ್ದರು.

ಪಟ್ಟಿಯಲ್ಲಿದ್ದ ಆರು ಮಕ್ಕಳ ಮನೆಗೂ ಫೋನು ಹೋಯಿತು, ನಿಮ್ಮ ಮಗುವಿನ ಹೆಸರು ಇಂಥದ್ದರಲ್ಲಿ ಬಂದಿದೆ, ಗಾಬರಿ ಬೇಡ ಎಂದು. ಒಬ್ಬ ತಂದೆ ಬಂದು ಕೂಗಾಡಿದರು. ಆದರೆ ಆ ಮಕ್ಕಳನ್ನು ಕೂರಿಸಿಕೊಂಡು, ಅವನು ಬರೆದಿದ್ದು ನಿಜವೇನಪ್ಪ, ನೀನು ತಟ್ಟೆ ಎತ್ತಿಕೊಂಡು ಹೋದದ್ದು ಹೌದೇ ಎಂದು ಯಾರೂ ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ. ಏಳೂ ಜನ ಆ ವಾರ ಬಲಿಪಶುಗಳೆಂದು ಎಣಿಸಲ್ಪಟ್ಟೆವು. ಹಾಡು ಕಟ್ಟಿದ ಹುಡುಗನಿಗೆ ಕೌನ್ಸೆಲರ್ ಸಾಂತ್ವನ ಹೇಳಿದ್ದನ್ನು ನಾನೇ ಕಂಡೆ. ಅವರನ್ನು ಬೈಯುವುದಿಲ್ಲ, ಒಂದು ಸಾವಿರ ಮಕ್ಕಳ ಜೀವ ಹೊತ್ತವರು ಅವರು. ಆದರೂ ಆ ಕಾಗದ ಬೆದರಿಕೆಯೋ ಅಲ್ಲವೋ ಎಂದು ಐದಾರು ಜನ ಕೂತು ಓದಿದರು. ಅದು ಒಂದು ದೂರೂ ಆಗಿತ್ತು. ದೂರೆಂದು ಓದಿದವರು ಯಾರೂ ಇರಲಿಲ್ಲ.

ತಾಯಿ ನನ್ನನ್ನು ನೋಡಲು ಬಂದರು. ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ, ಅದೇ ಬಟ್ಟೆಯಲ್ಲಿದ್ದರು, ಕೈಯಲ್ಲಿ ಸಾಬೂನಿನ ವಾಸನೆ. ಜಗಳವಾಡಲು ಬಂದಿದ್ದಾರೆಂದು ನಾನು ಸಿದ್ಧಳಾಗಿದ್ದೆ. ಅವರು ಮಕ್ಕಳ ಬೆಂಚಿನ ಮೇಲೆ ಕೂತು ಮೆಲ್ಲಗೆ ಹೇಳಿದರು, "ಎರಡು ತಿಂಗಳಿಂದ, ಶಾಲೆ ಹೇಗಿದೆ ಅಂತ ದಿನಾ ಕೇಳ್ತಿದ್ದೆ. ಚೆನ್ನಾಗಿದೆ ಅಂತಿದ್ದ. ನನಗೆ ಹೇಳದೇ ಇದ್ದದ್ದನ್ನ ನಿಮಗೆ ಬರೆದ. ಇನ್ನು ಯಾರಿಗೂ ಬರೆಯೋದಿಲ್ಲ."

ನಾನು ಏನು ಹೇಳಲಿ? ಕ್ಷಮಿಸಿ ಎಂದೆ.

ಅವರು ಎದ್ದರು. ಬಾಗಿಲ ಹತ್ತಿರ ನಿಂತು ಸೇರಿಸಿದರು, "ನಿಮ್ಮನ್ನ ದೂರೋದಿಲ್ಲ. ಶಾಲೆಯಿಂದ ಫೋನು ಬಂದ ದಿನ ನಾನೂ ಹೋಗಿ ಬಂದೂಕಿನ ಬೀರುವಿನ ಬೀಗ ಎಳೆದು ನೋಡಿದೆ. ಎರಡು ಸಲ. ಸ್ವಂತ ಮಗ." ಆಮೇಲೆ ಹೋದರು.

ಮುಂದಿನ ವರ್ಷವೂ ಅದೇ ಕಾದಂಬರಿ ಓದಿಸಿದೆ, ಈಗಲೂ ಓದಿಸುತ್ತೇನೆ. ಬಿಟ್ಟುಬಿಡು ಎಂದು ಹೇಳಿದ ಸಹೋದ್ಯೋಗಿಗಳಿದ್ದರು. ಬಿಟ್ಟರೆ ಡ್ರಿಲ್ಲಿನ ಕತ್ತಲಲ್ಲಿ ಕೂರುವುದು ನಿಲ್ಲುವುದಿಲ್ಲ, ಅದರ ಬಗ್ಗೆ ಬೆಳಕಿನಲ್ಲಿ ಮಾತಾಡುವುದಷ್ಟೇ ನಿಲ್ಲುತ್ತದೆ ಎಂದು ನನಗನ್ನಿಸುತ್ತದೆ. ಆದರೆ ಬರೆಯಿಸುವ ಮೊದಲು ಈಗ ಹೇಳಿಬಿಡುತ್ತೇನೆ, ನೀವು ಬರೆದದ್ದು ಓದಿ ನಿಮಗೋ ಇನ್ನೊಬ್ಬರಿಗೋ ಅಪಾಯವಿದೆ ಎನ್ನಿಸಿದರೆ ನಾನು ಅದನ್ನು ನನ್ನಲ್ಲೇ ಇಟ್ಟುಕೊಳ್ಳಲಾರೆ, ತಿಳಿದುಕೊಂಡು ಬರೆಯಿರಿ. ಹೇಳುವುದು ನ್ಯಾಯ. ಅದರ ಬೆಲೆಯೂ ಕಾಣುತ್ತದೆ. ಪುಟಗಳು ಇಸ್ತ್ರಿ ಮಾಡಿದ ಹಾಗೆ ಬರುತ್ತವೆ. ಎಲ್ಲರಿಗೂ ದಯೆ ಬೇಕು, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಬೇಕು. ಒಂದೂ ಹೆಸರಿಲ್ಲ. ಅಂಕಗಳನ್ನು ಹಾಕಿ ಕಟ್ಟಿಡುತ್ತೇನೆ. ಯಾವ ಮಗುವಿನ ಒಳಗೆ ಏನಿದೆ ಎಂದು ನನಗೆ ಮೊದಲಿಗಿಂತ ಕಡಿಮೆ ಗೊತ್ತಾಗುತ್ತಿದೆ.

ಚೀಟಿಯ ಪ್ರಶ್ನೆಯನ್ನು ಮಾತ್ರ ಬದಲಾಯಿಸಿದ್ದೇನೆ. ಕಥೆಯಲ್ಲಿ ನೀವು ಯಾರು ಎಂದು ಕೇಳುವುದಿಲ್ಲ. ಯಾರ ಪಟ್ಟಿಯಲ್ಲಾದರೂ ನಿಮ್ಮ ಹೆಸರಿದ್ದರೆ ಅದರ ಮುಂದೆ ಏನು ಕಾರಣ ಬರೆದಿರುತ್ತಾರೆ? ಇದಕ್ಕೆ ಹೆಸರು ಬರೆಯದೆ ಉತ್ತರ ಕೊಡಬಹುದು. ಮೊದಲ ಚೀಟಿಯನ್ನು ನಾನೇ ಬರೆದು ಓದುತ್ತೇನೆ, ಮೂಗು ಹಿಡಿದ ಬೆರಳನ್ನು ಲಂಗಕ್ಕೆ ಒರೆಸಿಕೊಂಡವಳು ಎಂದು. ಉಳಿದ ಚೀಟಿಗಳಲ್ಲಿ ಅರ್ಧಕ್ಕೆ ಅರ್ಧ ಖಾಲಿ ಬರುತ್ತವೆ. ಖಾಲಿಯಿಲ್ಲದವನ್ನು ನಾನು ಯಾರಿಗೂ ತೋರಿಸುವುದಿಲ್ಲ.

ಹಿಂದಿನ ವರ್ಷ ಅಕ್ಕನ ಹತ್ತಿರ ಮಾತಿಗೆ ಮಾತು ಬಂದು ಆ ಹುಡುಗಿಯ ಬಗ್ಗೆ ಕೇಳಿದೆ. "ಅವಳಾ? ಇಲ್ಲೇ ಇದಾಳೆ, ಸಂತೆ ಹತ್ರ ಮನೆ. ಮಗ ಕೊಬ್ಬರಿ ಮಂಡೀಲಿ ಲೆಕ್ಕ ಬರೀತಾನೆ, ಮೊಮ್ಮಗಳು ಕಾನ್ವೆಂಟಿಗೆ ಹೋಗುತ್ತೆ" ಎಂದಳು.

"ನನ್ನ ಬಗ್ಗೆ ಏನಾದ್ರೂ ಕೇಳ್ತಾಳಾ?"

"ನಿನ್ನನ್ನ ಯಾಕೆ ಕೇಳ್ತಾಳೆ ಅವಳು?" ಎಂದಳು ಅಕ್ಕ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಸಂತೆಯ ಬೀದಿಯವರೆಗೆ ಹೋಗಿ, ಒಂದು ಮೊಳ ಕನಕಾಂಬರ ಕೊಂಡು ವಾಪಸು ಬಂದೆ.

ಆ ಹುಡುಗನನ್ನು ನಾನು ಸರಿಯಾಗಿ ಮತ್ತೊಮ್ಮೆ ನೋಡಿದ್ದು 2019ರ ಮಾರ್ಚಿಯಲ್ಲಿ. ತಾಯಿ ಬಂದು ಹೋದ ವಾರವೇ ನಾನು ಊಟದ ಹಾಲಿನ ಕಾವಲು ಕೇಳಿ ಹಾಕಿಸಿಕೊಂಡಿದ್ದೆ. ಉಪಾಧ್ಯಾಯರು ಯಾರೂ ಇಷ್ಟಪಡದ ಕೆಲಸ ಅದು, ಗಲಾಟೆ, ಕರಿದ ಎಣ್ಣೆಯ ವಾಸನೆ, ನಮ್ಮ ಡಬ್ಬಿ ಬಿಚ್ಚಲೂ ಪುರುಸೊತ್ತಿಲ್ಲ. ನನಗೇನು ಹುಚ್ಚೇ ಎಂದು ನೋಡಿದರು. ಮಂಗಳವಾರ, ಗುರುವಾರ ಗೋಡೆಗೊರಗಿ ನಿಲ್ಲುತ್ತಿದ್ದೆ. ಯಾರು ಬಂದರೆ ಯಾರು ಏಳುತ್ತಾರೆ, ಯಾವ ಮೇಜಿನಲ್ಲಿ ಚೀಲಗಳು ಕುರ್ಚಿ ಹಿಡಿದಿವೆ, ಎಲ್ಲವೂ ಕಾಣುತ್ತಿತ್ತು. ಎರಡು ಸಲ ಚೀಲ ತೆಗೆಸಿದೆ. ಅವನು ಚಳಿಗಾಲವೆಲ್ಲ ಅಲ್ಲಿಗೆ ಬರಲೇ ಇಲ್ಲ, ಲೈಬ್ರರಿಯಲ್ಲಿ ಊಟ ಮಾಡುತ್ತಾನೆಂದು ಯಾರೋ ಹೇಳಿದರು. ಮಾರ್ಚಿಯ ಒಂದು ಗುರುವಾರ ತಟ್ಟೆ ಹಿಡಿದು ಬಂದ. ನನ್ನನ್ನು ನೋಡಿ, ನನ್ನಿಂದ ಅತ್ಯಂತ ದೂರದ ಮೇಜು ಹುಡುಕಿ ಕೂತ. ಎದುರಿಗೆ ಮೊದಲೇ ಒಬ್ಬ ಸಣ್ಣ ಹುಡುಗ ಕೂತಿದ್ದ. ಅವನು ಏಳುತ್ತಾನೇನೋ ಎಂದು ನಾನು ಉಸಿರು ಬಿಗಿಹಿಡಿದು ನೋಡಿದೆ. ಅವನು ತನ್ನ ಹಾಲಿನ ಡಬ್ಬಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಜಾಗ ಮಾಡಿದ. ಇಬ್ಬರೂ ಒಂದು ಮಾತೂ ಆಡದೆ ಆಲೂಗಡ್ಡೆ ಚಿಪ್ಸು ತಿಂದರು. ನಾನು ಹತ್ತಿರ ಹೋಗಲಿಲ್ಲ.